ಹಿಂದ್ಗಡೆ ಟೀಚರ್ರು ಬತ್ತಾವ್ರಾ?

ನಿನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕನ್ನಡಕದ ಫ್ರೇಮುಗಳ ಮೇಲಿನ ದೂಳು ಒರೆಸುತ್ತಾ ನಿಂತಿದ್ದೆ. ಎದುರಿಗೆ ಯಾರೋ ಹೊಸಬರು ಹ್ಯಾಂಡ್ ಬ್ರೇಕ್ ಇಳಿಸದೆಯೇ ಕಾರು ಓಡಿಸಿಕೊಂಡು ಹೋದರು. ಕಾರು ನರಳಿಕೊಂಡು ಹೋಯಿತು, ವಾಸನೆ ಮಾತ್ರ ಉಳಿಯಿತು. ಬ್ರೇಕು ಸುಟ್ಟ ವಾಸನೆ. ನಿಮಗೆ ಗೊತ್ತಿರಬಹುದು, ಹಳೇ ರಬ್ಬರು ಮತ್ತು ಸೀದ ಹುರಿಗಡಲೆ ಎರಡನ್ನೂ ಒಟ್ಟಿಗೆ ಒಲೆಗೆ ಹಾಕಿದ ಹಾಗಿರುತ್ತದೆ. ಪಕ್ಕದ ಅಂಗಡಿಯವರು ಮೂಗು ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ವಾಸನೆಗೂ ನನಗೂ ಮೂರು ವರ್ಷದ ಹಿಂದಿನ ಒಂದು ಭಾನುವಾರದ ಸಂಬಂಧವಿದೆ. ಅದನ್ನು ಆ ದಿನದ ನಂತರ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ಗೊತ್ತಿರುವವರಿಗೆ ಹೇಳುವ ಅಗತ್ಯವಿರಲಿಲ್ಲ, ಗೊತ್ತಿಲ್ಲದವರಿಗೆ ಹೇಳುವ ಧೈರ್ಯವಿರಲಿಲ್ಲ.

ಕೊಳ್ಳೇಗಾಲದಲ್ಲಿ ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನರ ಕಣ್ಣಿನ ನಂಬರು ನನಗೆ ಬಾಯಿಪಾಠ. ಹೀಗಾಗಿ ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. ಐವತ್ತು ದಾಟಿದ ಮೇಲೆ ಬಿಳಿ ಕಾರೊಂದನ್ನು ಕೊಂಡೆ. ಕಾರು ಕೊಂಡ ಮೊದಲ ತಿಂಗಳು ಮನುಷ್ಯ ಸೊಸೈಟಿಯಿಂದ ಅಕ್ಕಿ ತರುವುದಕ್ಕೂ ಅದರಲ್ಲೇ ಹೋಗುತ್ತಾನೆ. ಎರಡನೆಯ ತಿಂಗಳು ಇದರಲ್ಲಿ ಎಲ್ಲಿಗಾದರೂ ದೂರ ಹೋಗಬೇಕು ಅನ್ನಿಸುತ್ತದೆ, ಒಬ್ಬನೇ ಹೋಗಲು ಭಯವಾಗುತ್ತದೆ. ನನ್ನಂಥ ಭಯಸ್ಥರೆಲ್ಲ ಸೇರಿ ಮಾಡಿಕೊಂಡದ್ದೇ ನಮ್ಮ ಕಾರು ಬಳಗ. ತಿಂಗಳಿಗೊಂದು ಭಾನುವಾರ ಆರೇಳು ಕಾರುಗಳು ಸಾಲಾಗಿ ಎಲ್ಲಿಗಾದರೂ ಹೋಗಿ, ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ವಾಪಸು ಬರುವುದು.

ಬಳಗಕ್ಕೆ ಗುರು ಯಳಂದೂರಿನ ಪುಟ್ಟಮಾದಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕ್ಲಚ್ಚು ಒತ್ತಿ ಒತ್ತಿ ಎಡ ಮಂಡಿ ಮಡಚುವುದಿಲ್ಲ, ನಡೆಯುವಾಗ ಆ ಕಾಲನ್ನು ಕೋಲಿನ ಹಾಗೆ ಮುಂದಿಡುತ್ತಾರೆ. ಸ್ಟೀರಿಂಗಿನ ಹಿಂದೆ ಕೂತರೆ ಮಾತ್ರ ಇಪ್ಪತ್ತೈದರ ಪ್ರಾಯ. ಹೊರಡುವ ಮುಂಚೆ ನಮ್ಮನ್ನೆಲ್ಲ ಗುಂಡಗೆ ನಿಲ್ಲಿಸಿಕೊಂಡು, ಪ್ರತಿ ಸಲವೂ ಅದೇ ಪಾಠ ಹೇಳುತ್ತಿದ್ದರು.

"ನೋಡ್ರಪ್ಪಾ, ಲೈಟ್ ಆಕ್ಕಂಡಿರಿ. ಮುಂದಿನ್ ಕಾರ್ಗೂ ನಿಮ್ಗೂ ಮಧ್ಯೆ ಜಾಗ ಬುಡಿ. ಬಾಲ ಕಚ್ಕಂಡು ಓಗಕೆ ನಾವೇನು ನಾಯ್ಗಳಲ್ಲ. ನಮ್ಮೋರ್ನ ನಾವು ಓವರ್ಟೇಕ್ ಮಾಡಂಗಿಲ್ಲ. ಮಧ್ಯದಲ್ಲಿ ಲಾರಿ ಬಂದ್ರೆ ಬರ್ಲಿ, ಅವ್ಸರ ಬೇಡ, ಮುಂದಿರೋರು ಕಾಯ್ತಾರೆ. ಇನ್ನ ಕವ್ಲು ಬಂತಾ? ಅಲ್ಲಿ ನಿಲ್ಲಿ. ಇಂದಿನ್ ಕಾರ್ ಕಣ್ಗೆ ಕಾಣಗಂಟ ಅಲ್ಲಾಡ್ಬೇಡಿ. ಯಾರೂ ಮುಂದಿನೋರ್ನ ನೋಡ್ಕಂಡು ಓಡ್ಸೋದಲ್ಲ ಕಣ್ರಿ, ಇಂದಿನೋರ್ನ ನೋಡ್ಕಂಡು ಓಡ್ಸೋದು."

ಇಷ್ಟೇ. ಇದರಲ್ಲಿ ಕಷ್ಟದ್ದು ಒಂದೂ ಇಲ್ಲ. ನಾನಂತೂ ಇದಿಷ್ಟು ಸಾಲದು ಎಂದುಕೊಂಡು ಬಳಗಕ್ಕೆಂದು ಆರು ವಾಕಿಟಾಕಿ ತರಿಸಿದ್ದೆ. ಮೊಬೈಲು ಸಿಗದ ಕಾಡಿನಲ್ಲಿ ಬೇಕಾಗುತ್ತವೆ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ, ಮಾತು ಮುಗಿದ ಮೇಲೆ 'ಓವರ್' ಎನ್ನುವ ಆಸೆ. ಮನೆಯಲ್ಲಿ ಅಡುಗೆಮನೆಗೂ ಹಜಾರಕ್ಕೂ ನಡುವೆ ಅಭ್ಯಾಸ ಮಾಡಿದ್ದೆ. "ಕಾಫಿ ಆಯ್ತಾ? ಓವರ್" ಎಂದರೆ ನನ್ನ ಹೆಂಡತಿ ಸುಮಿತ್ರಾ, "ಎದ್ದು ಬಂದು ತಗೊಳ್ರೀ" ಎಂದು ಯಂತ್ರದ ಸಹಾಯವಿಲ್ಲದೆಯೇ ಕೂಗುತ್ತಿದ್ದಳು.

ಆ ಭಾನುವಾರ ನಾವು ಗೋಪಿನಾಥಂಗೆ ಹೊರಟಿದ್ದೆವು. ಹನೂರು ದಾಟಿ, ಮಹದೇಶ್ವರ ಬೆಟ್ಟ ಹತ್ತಿ, ಆ ಕಡೆ ಇಳಿದು ಹೋಗುವ ದಾರಿ. ಬಳಗದ ಮಟ್ಟಿಗೆ ಅದೇ ದೊಡ್ಡ ಸವಾರಿ. ಆರು ಕಾರುಗಳು. ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದ ಅನುಭವಸ್ಥರೊಬ್ಬರು ಅವತ್ತು ಮನೆಯಲ್ಲಿ ನೆಂಟರು ಬಂದರೆಂದು ಕೈಕೊಟ್ಟಿದ್ದರು. ಪುಟ್ಟಮಾದಪ್ಪ ನನ್ನ ಹತ್ತಿರ ಬಂದರು.

"ಸಾ, ಇವತ್ತು ನೀವು ಕೊನೇಲಿ ಬನ್ನಿ. ನಿಮ್ ಮುಂದೆ ಟೀಚರ್ರು ಇರ್ಲಿ."

ಟೀಚರ್ರು ಎಂದರೆ ನಾಗರತ್ನಮ್ಮ. ನಮ್ಮ ಬೀದಿಯವರೇ, ಹನೂರು ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಅವರ ಕಾರು ಎರಡು ವರ್ಷ ಬಟ್ಟೆ ಹೊದ್ದು ಶೆಡ್ಡಿನಲ್ಲಿ ನಿಂತಿತ್ತು. ಒಂದು ದಿನ ಆಕೆ ಆ ಬಟ್ಟೆಯನ್ನು ತಾವೇ ತೆಗೆದು, ಒಗೆದು, ಒಣಗಿಸಿ, ಮಡಿಚಿಟ್ಟು, ಡ್ರೈವಿಂಗ್ ಕಲಿಯಲು ಹೋದರು. ಆಗ ಅವರಿಗೆ ಐವತ್ತಮೂರು. ಲೈಸೆನ್ಸು ಬಂದು ನಾಲ್ಕು ತಿಂಗಳಾಗಿತ್ತಷ್ಟೆ, ಇದೇ ಅವರ ಮೊದಲ ದೂರದ ಪ್ರಯಾಣ. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಕೈ ನಡುಗುತ್ತದೆ ಎನ್ನುವುದೊಂದೇ ಅವರ ತೊಂದರೆ.

ಈಗ ನನ್ನ ಉತ್ತರ ಕೇಳಿ. "ಅಯ್ಯೋ ಮಾದಪ್ಪನೋರೆ, ಕೊನೇಲಿ ಬಂದ್ರೆ ಎಲ್ಲಾ ಕಾರಿನ ದೂಳೂ ನನ್ನ ಮೇಲೇ. ಮೊನ್ನೆ ತಾನೆ ಪಾಲಿಶ್ ಮಾಡ್ಸಿದೀನಿ."

ದಾರಿಯುದ್ದಕ್ಕೂ ಡಾಂಬರು ಇದ್ದದ್ದು ನನಗೂ ಗೊತ್ತಿತ್ತು. ಅಸಲು ಸಂಗತಿ ಬೇರೆ. ಐದು ಜನ ಗಿರಾಕಿಗಳ ಹಿಂದೆ, ಕಾರು ಕಲಿತು ನಾಲ್ಕು ತಿಂಗಳಾದ ಹೆಂಗಸಿನ ಹಿಂದೆ, ಊರಿನವರ ಕಣ್ಣಿಗೆ ಬೀಳುವಂತೆ ಕಟ್ಟಕಡೆಯಲ್ಲಿ ತೆವಳಿಕೊಂಡು ಹೋಗುವುದು ನನ್ನಿಂದಾಗದು.

ನಾಗರತ್ನಮ್ಮನೇ ಮಧ್ಯೆ ಬಂದರು. "ಬಿಡಿ ಮಾದಪ್ಪನೋರೆ, ನಾನೇ ಕೊನೇಲಿ ಬರ್ತೀನಿ. ಹಿಂದೆ ಯಾರೂ ಇಲ್ದಿದ್ರೆ ನಂಗೂ ಆರಾಮು."

ಪುಟ್ಟಮಾದಪ್ಪನಿಗೆ ಮನಸ್ಸಿರಲಿಲ್ಲ. ಹೊತ್ತಾಗುತ್ತಿತ್ತು, ಒಪ್ಪಿಕೊಂಡರು. ತಮ್ಮ ಕಾರು ಹತ್ತುವ ಮುಂಚೆ ನನ್ನ ಕಿಟಕಿಯೊಳಗೆ ತಲೆ ಹಾಕಿ, "ಅಂಗಾರೆ ನೀವು ಕನ್ನಡಿ ಬುಟ್ಟು ಕಣ್ ತಗೀಬೇಡಿ ಸಾ. ಆಯಮ್ಮ ನಿಮ್ಮನ್ನೇ ನಂಬ್ಕಂಡು ಬತ್ತಾವ್ರೆ," ಎಂದರು.

"ಅದನ್ನ ನನಗೆ ಹೇಳ್ಬೇಕಾ? ಕಣ್ಣು ನನ್ನ ಕಸುಬು," ಎಂದೆ.

ಹನೂರಿನವರೆಗೆ ಎಲ್ಲವೂ ಸರಿಯಾಗಿತ್ತು. ಕನ್ನಡಿಯಲ್ಲಿ ಟೀಚರ್ ಕಾರು ಅಳತೆ ಹಿಡಿದ ಹಾಗೆ ಅಷ್ಟೇ ದೂರದಲ್ಲಿ ಬರುತ್ತಿತ್ತು. ಹನೂರು ಕಳೆದ ಮೇಲೆ ಜಲ್ಲಿ ತುಂಬಿದ ಲಾರಿಯೊಂದು ಪಕ್ಕದ ಹಾದಿಯಿಂದ ಬಂದು ನನಗೂ ಮುಂದಿನ ಕಾರಿಗೂ ನಡುವೆ ಸೇರಿಕೊಂಡಿತು. ಮುಂದಿನ ನಾಲ್ಕು ಕಾರು ಕಣ್ಮರೆಯಾದವು. ಮಧ್ಯದಲ್ಲಿ ಲಾರಿ ಬಂದರೆ ಬರಲಿ ಎಂಬ ಪಾಠ ನನಗೆ ಬಾಯಿಗೆ ಬರುತ್ತಿತ್ತು, ಕಾಲಿಗೆ ಬರುತ್ತಿರಲಿಲ್ಲ.

"ನಿಧಾನ ಕಣ್ರೀ," ಎಂದಳು ಸುಮಿತ್ರಾ.

"ನೋಡ್ತಿರು," ಎಂದು ತಿರುವಿನಲ್ಲೇ ಲಾರಿಯನ್ನು ಹಿಂದೆ ಹಾಕಲು ಹೊರಟೆ. ಅರ್ಧ ದಾಟಿದ್ದೆ. ಎದುರಿಗೆ ಕೆಂಪು ಬಸ್ಸು. ಅದರ ಡ್ರೈವರಿನ ಬಿಟ್ಟ ಕಣ್ಣು, ತೆರೆದ ಬಾಯಿ ಎರಡೂ ಕಾಣುವಷ್ಟು ಹತ್ತಿರ. ಸುಮಿತ್ರಾ ಚೀರಿದಳು. ಲಾರಿಯವನು ಪುಣ್ಯಾತ್ಮ, ಬ್ರೇಕು ಹಾಕಿ ದಾರಿ ಬಿಟ್ಟ. ನಾನು ಅವನ ಮೂತಿಯ ಮುಂದೆ ನುಗ್ಗಿದೆ. ಬಸ್ಸು ನನ್ನ ಬಲಗಡೆಯ ಕನ್ನಡಿಗೆ ಗಾಳಿ ಹೊಡೆದು ಹೋಯಿತು.

ಆಮೇಲೆ ಸ್ವಲ್ಪ ದೂರ ನಾನು ಓಡಿಸಿದೆನೋ ಕಾರೇ ಓಡಿತೋ ತಿಳಿಯದು. ಸುಮಿತ್ರಾ ಬೈದಿದ್ದರೆ ನಿಲ್ಲಿಸುತ್ತಿದ್ದೆನೇನೋ. ಸೀಟಿನ ಅಂಚು ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು, ನಾನು ಅವಮಾನಕ್ಕೆ ಇನ್ನಷ್ಟು ಜೋರಾಗಿ ಓಡಿಸಿದೆ. ಆ ಭರದಲ್ಲಿ ಕವಲು ಬಂದದ್ದೂ ದಾಟಿದ್ದೂ ಸರಿಯಾಗಿ ಗೊತ್ತಾಗಲಿಲ್ಲ. ಒಂದು ದಾರಿ ಬೆಟ್ಟಕ್ಕೆ, ಇನ್ನೊಂದು ಮಾರ್ಟಳ್ಳಿ ಕಡೆಗೆ ಒಡೆಯುವ ಜಾಗ ಅದು. ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಮುಂದೆ ನಮ್ಮವರ ಕಾರು ಕಂಡಾಗ ಗೆದ್ದವನ ಹಾಗೆ ಉಸಿರು ಬಿಟ್ಟೆ. ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. ಪುಟ್ಟಮಾದಪ್ಪನ ದನಿ.

"ಸಾ, ಕವ್ಲು ದಾಟಿದ್ರಾ? ಇಂದ್ಗಡೆ ಟೀಚರ್ರು ಬತ್ತಾವ್ರಾ?"

ಕನ್ನಡಿ ನನ್ನ ಮುಖದಿಂದ ಒಂದು ಗೇಣು ದೂರವಿತ್ತು. ಕಣ್ಣೆತ್ತಿದ್ದರೆ ಸಾಕಿತ್ತು. ಎತ್ತಿದರೆ ಏನು ಕಾಣುತ್ತದೋ ಎಂಬ ಭಯಕ್ಕೇ ಇರಬೇಕು, ಎತ್ತಲಿಲ್ಲ.

"ಬತ್ತಾವ್ರೆ. ಓವರ್," ಎಂದೆ.

ಸುಮಿತ್ರಾ ನನ್ನ ಕಡೆ ತಿರುಗಿದಳು. "ನೋಡಿದ್ರಾ?"

"ಬರ್ತಾರೆ ಬಿಡೇ. ಎಲ್ಲಿಗೆ ಹೋಗ್ತಾರೆ?"

ಎಲ್ಲರೂ ಬರುತ್ತಿದ್ದಾರೆಂದು ನಂಬಿದ ಪುಟ್ಟಮಾದಪ್ಪ, ಬೆಟ್ಟದ ಬುಡದಲ್ಲಿ ಯಾತ್ರಿಕರ ಬಸ್ಸುಗಳ ಸಂದಣಿ ಕಂಡು, ಅಲ್ಲಿ ನಿಲ್ಲದೆ ಮೇಲೆಯೇ ಸೇರೋಣ ಎಂದರು. ಘಾಟಿ ಹತ್ತಿ ಮೇಲೆ ನಿಂತೆವು. ಐದು ಕಾರು. ಹತ್ತು ನಿಮಿಷ ಕಾದೆವು. ಯಾರೋ ಚಕ್ಕುಲಿ ಹಂಚಿದರು. ಇಪ್ಪತ್ತು ನಿಮಿಷವಾಯಿತು. ಟೀಚರ್ ಫೋನು ವ್ಯಾಪ್ತಿಯ ಹೊರಗೆ, ವಾಕಿಟಾಕಿಯಲ್ಲಿ ಬರೀ ಗೊರಗೊರ. ಅರ್ಧ ಗಂಟೆಯಾದಾಗ ಚಕ್ಕುಲಿ ತಿನ್ನುವುದನ್ನೂ ಎಲ್ಲರೂ ನಿಲ್ಲಿಸಿದ್ದರು.

ಪುಟ್ಟಮಾದಪ್ಪ ನನ್ನ ಮುಂದೆ ಬಂದು ನಿಂತರು. "ಸಾ, ಕವ್ಲಲ್ಲಿ ಕಂಡ್ರಲ್ವಾ ಆಯಮ್ಮ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಕಂಡ್ರು," ಎಂದೆ. ಮೊದಲ ಸಲ ಹೇಳಿದ್ದು ಸೋಮಾರಿತನದ ಸುಳ್ಳು. ಎರಡನೆಯದು ಮಾತ್ರ ಪೂರಾ ಎಚ್ಚರದಲ್ಲಿ ಹೇಳಿದ್ದು.

ಅವರ ಮುಖ ಸಣ್ಣದಾಯಿತು. "ಕವ್ಲು ದಾಟಿದ್ರು, ಮೇಲ್ಕೆ ಬಂದಿಲ್ಲ. ಅಂಗಂದ್ರೆ ಘಾಟಿಲೇ ಏನೋ ಆಗದೆ," ಎಂದವರು ಕಾರು ತಿರುಗಿಸಿದರು. ಸುಮಿತ್ರಾಳನ್ನೂ ಉಳಿದವರನ್ನೂ ಮೇಲೆ ಬಿಟ್ಟು, ಅವರ ಕಾರು ಮುಂದೆ, ನನ್ನದು ಹಿಂದೆ, ಇನ್ನೊಬ್ಬರದು ಅದರ ಹಿಂದೆ ಇಳಿದೆವು. ನಾನು ಗೇರಿನ ಮೇಲೆ ಇಳಿಸುವುದನ್ನು ಮರೆತು ಕಾಲನ್ನು ಬ್ರೇಕಿನ ಮೇಲೆಯೇ ಒತ್ತಿಕೊಂಡಿದ್ದೆ. ಕಾರೊಳಗೆಲ್ಲ ಆ ಸುಟ್ಟ ವಾಸನೆ ತುಂಬಿತು. ಪ್ರತಿ ತಿರುವಿನಲ್ಲೂ ಪುಟ್ಟಮಾದಪ್ಪ ಕಾರು ನಿಲ್ಲಿಸಿ, ಮಡಚದ ಕಾಲನ್ನೆಳೆದುಕೊಂಡು ತಡೆಗೋಡೆಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದೆ. ಇಲ್ಲಿ ಇಲ್ಲ ಎಂದು ನನಗೆ ಮುಕ್ಕಾಲು ಪಾಲು ಗೊತ್ತಿತ್ತು. ಉಳಿದ ಕಾಲು ಪಾಲು, ಇದ್ದರೂ ಇರಬಹುದಲ್ಲ ಎಂದು ಹೆದರಿಸುತ್ತಿತ್ತು. ನನ್ನ ಮಾತು ನಿಜವಾಗಬೇಕಾದರೆ ಆಕೆ ಈ ಪ್ರಪಾತದಲ್ಲಿರಬೇಕು. ಅದು ಹೊಳೆದಾಗ ತಡೆಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಬಾಯಿ ಬಿಡಲಿಲ್ಲ. ಇನ್ನೊಂದು ತಿರುವು ನೋಡಿ ಹೇಳೋಣ, ಇನ್ನೊಂದು ನೋಡಿ ಹೇಳೋಣ ಎಂದು ಮುಂದೂಡುತ್ತಲೇ ಹೋದೆ.

ಒಂದು ತಿರುವಿನಲ್ಲಿ ತಡೆಗೋಡೆಯ ಅಂಚು ಕಿತ್ತುಹೋಗಿತ್ತು. ಕೆಳಗೆ, ಲಂಟಾನದ ಪೊದೆಗಳ ನಡುವೆ, ಬೆಳ್ಳಗಿನದು ಏನೋ ಕಾಣುತ್ತಿತ್ತು. ಟೀಚರ್ ಕಾರೂ ಬಿಳಿಯೇ.

"ಅಯ್ಯೋ ಮಾದಪ್ಪಾ," ಎಂದು ದೇವರನ್ನು ಕರೆದರು ಪುಟ್ಟಮಾದಪ್ಪ. ಚಪ್ಪಲಿ ಕಳಚಿದರು. ನಾನು ನೋಡುತ್ತಿದ್ದಂತೆಯೇ ಒಂದು ಕೊಂಬೆ ಹಿಡಿದು ಇಳಿಯಲು ಶುರುಮಾಡಿದರು. ಮಡಚದ ಕಾಲು ಜಾರಿತು, ನಾಲ್ಕು ಕಲ್ಲು ಉರುಳಿದವು. ಅವು ನೆಲ ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಇಳೀಬೇಡಿ!" ಎಂದು ಕೂಗಿದೆ. "ನಾನು ನೋಡ್ಲೇ ಇಲ್ಲ! ಕವಲಲ್ಲಿ ನಿಲ್ಲಿಸ್ಲೇ ಇಲ್ಲ. ಸುಮ್ನೆ ಹೇಳ್ಬಿಟ್ಟೆ."

ಕೊಂಬೆ ಹಿಡಿದುಕೊಂಡೇ ಅವರು ತಲೆಯೆತ್ತಿದರು. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡೆ. ಕೈ ಚಾಚಿದೆ. ಆ ಕೈ ಹಿಡಿದುಕೊಂಡೇ ಮೇಲೆ ಬಂದರು. ಚಪ್ಪಲಿ ಮೆಟ್ಟಿಕೊಂಡು, ಮಂಡಿಯ ಮಣ್ಣು ಕೊಡವಿಕೊಂಡರು.

"ಮೇಗಡೇಲೇ ಏಳ್ಬುಟ್ಟಿದ್ರೆ ಇಷ್ಟೊತ್ಗೆ ಆಯಮ್ಮ ಸಿಗೋರು ಕಣ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು, ಅಷ್ಟೆ. "ಕಾರ್ನ ಇಲ್ಲೇ ಓರೆಗೆ ಆಕಿ, ನನ್ ಜೊತೆ ಬನ್ನಿ. ನೀವೀಗ ಓಡ್ಸೋ ಸ್ಥಿತೀಲಿಲ್ಲ." ಕೆಳಗಿನ ಬಿಳಿಯದು ಯಾರೋ ಎಸೆದ ಹಳೇ ಫ್ಲೆಕ್ಸ್ ಎಂದು ಹಿಂದಿನ ಕಾರಿನವರು ಇಣುಕಿ ನೋಡಿ ಹೇಳಿದರು.

ಬೆಟ್ಟದ ಬುಡ ತಲುಪಿ ಕವಲಿನ ಕಡೆ ಹೊರಟಾಗ ಪುಟ್ಟಮಾದಪ್ಪನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಆ ಕಡೆಯಿಂದ ನಾಗರತ್ನಮ್ಮ. "ಮಾದಪ್ಪನೋರೆ, ಗಾಬರಿಯಾಗ್ಬೇಡಿ. ನಾನು ಮಾರ್ಟಳ್ಳೀಲಿದೀನಿ. ಚೆನ್ನಾಗಿದೀನಿ." ಪುಟ್ಟಮಾದಪ್ಪ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತರು. ಅವರ ಬೆನ್ನು ಅಲುಗುತ್ತಿತ್ತು. ನಾನು ಕಿಟಕಿಯ ಆಚೆ ನೋಡಿದೆ.

ಆದದ್ದಿಷ್ಟು. ನಾನು ಲಾರಿಯನ್ನು ದಾಟಿ ಓಡಿದ ಮೇಲೆ ಟೀಚರು ಪಾಠದ ಪ್ರಕಾರವೇ ಲಾರಿಯ ಹಿಂದೆ ತಾಳ್ಮೆಯಿಂದ ಬಂದಿದ್ದರು. ಲಾರಿ ಎಲ್ಲೋ ತಿರುಗಿಕೊಂಡಿತು. ಮುಂದೆ ನನ್ನಂಥದೇ ಬಿಳಿ ಕಾರು ಹೋಗುತ್ತಿತ್ತು. ಅದು ಕವಲಿನಲ್ಲಿ ಮಾರ್ಟಳ್ಳಿ ಕಡೆ ಹೊರಳಿತು, ಇವರೂ ಹೊರಳಿದರು. ಆ ಕಾರು ಮುರುಗೇಶ ಎಂಬವನದು. ಬಾಣಂತಿ ಹೆಂಡತಿಯನ್ನೂ ಐದು ದಿನದ ಕೂಸನ್ನೂ ಆಸ್ಪತ್ರೆಯಿಂದ ಊರಿಗೆ ಕರೆದುಕೊಂಡು ಹೋಗುತ್ತಿದ್ದ. ಗುಂಡಿ ಕಂಡಲ್ಲಿ ನಿಧಾನ, ತಿರುವಿನಲ್ಲಿ ನಿಧಾನ.

ಮಾರ್ಟಳ್ಳಿಯಲ್ಲಿ ಅವನ ಮನೆ ತಲುಪಿದಾಗ ನಾಗರತ್ನಮ್ಮ ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಕೂಸು. ನಮ್ಮನ್ನು ಕಂಡು ಮುರುಗೇಶ ಕನ್ನಡ ತಮಿಳು ಎರಡನ್ನೂ ಕಲಸಿಕೊಂಡು ನಗುತ್ತಾ ಹೇಳಿದ: "ಸಾರ್, ಅಕ್ಕಾ ನಮ್ಮ ಪಿನ್ನಾಡಿ, ಹಿಂದೇನೇ ಬರ್ತಾ ಇದ್ರು. ನಾನ್ ನಿಂತ್ರೆ ಅವ್ರೂ ನಿಲ್ತಾರೆ, ನಾನ್ ಹೋದ್ರೆ ಅವ್ರೂ ಬರ್ತಾರೆ. ಬಯಂದೇ ಪೋಯ್ಟೆ, ಹೆದ್ರಿಬಿಟ್ಟೆ! ಮನೆ ಮುಂದೆ ನಿಲ್ಸಿದ್ರೆ ಅಕ್ಕಾನೂ ನಿಲ್ಸಿ, ಇಳಿದು, 'ಸುಮಿತ್ರಾ ಎಲ್ಲಿ?' ಅಂತ ಕೇಳಿದ್ರು."

ಎಲ್ಲರೂ ನಕ್ಕರು. ನಾಗರತ್ನಮ್ಮ ನನ್ನ ಕಡೆ ತಿರುಗಿ, "ನಂಗೇ ಆಶ್ಚರ್ಯ ಆಗಿತ್ತು. ಇದ್ದಕ್ಕಿದ್ದಂಗೆ ನೀವು ಇಷ್ಟು ಚೆನ್ನಾಗಿ ಓಡ್ಸೋಕೆ ಹೆಂಗೆ ಕಲಿತ್ರಿ ಅಂತ," ಎಂದರು. ಅದನ್ನವರು ಕುಹಕಕ್ಕೆ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಅಂದಹಾಗೆ ಆಕೆ ಹಾಕಿಕೊಂಡಿದ್ದ ಕನ್ನಡಕ ನನ್ನ ಅಂಗಡಿಯದು. ದೂರದ್ದು ಚೆನ್ನಾಗಿ ಕಾಣುತ್ತದೆಂದು ಖಾತರಿ ಕೊಟ್ಟವನೂ ನಾನೇ.

ಪುಟ್ಟಮಾದಪ್ಪ ನನ್ನನ್ನು ಬಿಟ್ಟುಕೊಡಲಿಲ್ಲ. ನೀರು ಕುಡಿಯುತ್ತಾ ಕೂತಿದ್ದರು. ಅವರು ಹೇಳಿಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಕೊನೆಗೆ ನಾನೇ ಜಗಲಿಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಕೊನೆಯಲ್ಲಿ ಬರಲು ಒಲ್ಲೆ ಎಂದಾಗ ಮನಸ್ಸಿನಲ್ಲಿದ್ದದ್ದು, ಬಸ್ಸು, ಕವಲು, ಎರಡು ಸಲ ಹೇಳಿದ ಸುಳ್ಳು, ಪುಟ್ಟಮಾದಪ್ಪ ಪ್ರಪಾತಕ್ಕೆ ಇಳಿಯಹೊರಟದ್ದು. ನಾಗರತ್ನಮ್ಮ ಕೂಸಿನ ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಪುಟ್ಟಮಾದಪ್ಪನ ಮಂಡಿಯ ಹತ್ತಿರ ಹರಿದಿದ್ದ ಪ್ಯಾಂಟನ್ನು ಒಮ್ಮೆ ನೋಡಿದರು.

"ನಾನು ಹಾಜರಿ ಕರೆಯುವಾಗ ತಲೆ ಎತ್ತಿ ಮುಖ ನೋಡೇ ಕರೆಯೋದು," ಎಂದರು ನಿಧಾನವಾಗಿ. "ಯಾಕೆ ಗೊತ್ತಾ? ನೋಡ್ದೆ ಕರೆದ್ರೆ, ಬರದೇ ಇರೋ ಹುಡುಗನ ಹೆಸರಿಗೂ ಪಕ್ಕದಲ್ಲಿ ಕೂತೋನೊಬ್ಬ 'ಬಂದವ್ನೆ ಮಿಸ್' ಅಂದ್ಬಿಡ್ತಾನೆ. ಆ ಹುಡುಗ ಕೆರೆ ಕಡೆ ಹೋಗಿದ್ರೂ ನಮಗೆ ತಿಳಿಯೋದಿಲ್ಲ."

ಐವತ್ತು ದಾಟಿದ ನಾನು ಮೂರನೇ ಕ್ಲಾಸಿನ ಹುಡುಗನ ಹಾಗೆ ತಲೆ ತಗ್ಗಿಸಿದೆ. "ತಪ್ಪಾಯ್ತು," ಎಂದೆ.

"ಹೂಂ," ಎಂದರು. ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, "ಕೂಸನ್ನ ಸ್ವಲ್ಪ ಹಿಡ್ಕೊಳ್ಳಿ, ನನ್ನ ಕಾಲು ಜೋಮು ಹಿಡಿದಿದೆ," ಎಂದು ಅದನ್ನು ನನ್ನ ಕೈಗಿಟ್ಟರು. ನಾನು ಅದನ್ನು ಹಿಡಿದ ರೀತಿ ಕಂಡು ಮುರುಗೇಶನ ತಾಯಿ ತಮಿಳಿನಲ್ಲಿ ಏನೋ ಅಂದರು, ಜಗಲಿಯೆಲ್ಲ ನಕ್ಕಿತು. ಅರ್ಥವನ್ನು ನಾನು ಇವತ್ತಿಗೂ ಕೇಳಿಲ್ಲ.

ಅವತ್ತು ಗೋಪಿನಾಥಂ ನಮಗೆ ಸಿಗಲಿಲ್ಲ. ಮೇಲಿದ್ದವರನ್ನು ಕರೆಸಿಕೊಂಡು, ಘಾಟಿಯಲ್ಲಿ ಬಿಟ್ಟಿದ್ದ ನನ್ನ ಕಾರನ್ನೂ ತರಿಸಿಕೊಂಡು, ಬುತ್ತಿಗಳನ್ನೆಲ್ಲ ಮುರುಗೇಶನ ಮನೆಯಲ್ಲೇ ಬಿಚ್ಚಿ, ಅವರ ಸಾರು ನಮಗೆ, ನಮ್ಮ ಪುಳಿಯೋಗರೆ ಅವರಿಗೆ ಎಂದು ಉಂಡೆವು. ಹಿಂತಿರುಗುವಾಗ ಟೀಚರ್ ಕಾರನ್ನು ಪುಟ್ಟಮಾದಪ್ಪ ತಮ್ಮ ಬೆನ್ನಿಗೇ ಇಟ್ಟುಕೊಂಡರು. ಆಕೆ ಹೆದರದೆ ಓಡಿಸಿಕೊಂಡು ಬಂದರು. ಮನೆ ತಲುಪಿದ ಮೇಲೆ ಸುಮಿತ್ರಾ ಬಾಯಿ ಬಿಟ್ಟಳು. "ನಾಳೆಯಿಂದ ನಾನೂ ಡ್ರೈವಿಂಗ್ ಕಲೀತೀನಿ," ಎಂದಳು. ಅಷ್ಟೇ ಬೈದದ್ದು. ಹೇಳಿಕೊಡಲು ನಾನು ಸಿದ್ಧನಿದ್ದೆ, ಅವಳು ನಾಗರತ್ನಮ್ಮನ ಹತ್ತಿರ ಹೋದಳು.

ಈಗಲೂ ಬಳಗವಿದೆ. ಮೂರು ತಿಂಗಳು ನಾನು ಪುಟ್ಟಮಾದಪ್ಪನ ಪಕ್ಕದ ಸೀಟಿನಲ್ಲಿ ಕೂತು, ಅವರು ಎಷ್ಟು ಸಲ ಕನ್ನಡಿ ನೋಡುತ್ತಾರೆಂದು ಎಣಿಸಿದೆ. ಎಣಿಕೆ ಪ್ರತಿ ಸಲವೂ ತಪ್ಪಿತು. ಆಮೇಲೆ ಕೊನೆಯ ಜಾಗವನ್ನು ನಾನೇ ಕೇಳಿ ಪಡೆದುಕೊಂಡೆ. ಕೊನೆಯವನಿಗೆ ಎಲ್ಲ ಕಡೆ ಆರಿದ ಕಾಫಿ, ಮುರಿದ ಇಡ್ಲಿ. ಒಂದು ಕಾರು ನಿಂತರೆ ನಾನೂ ನಿಲ್ಲಬೇಕು, ಒಬ್ಬರ ಟೈರು ಹೋದರೆ ಜಾಕು ಹಿಡಿಯಬೇಕು. ನಾನು ಒಳ್ಳೆಯವನಾಗಿಬಿಟ್ಟೆ ಎಂದು ಮಾತ್ರ ತಿಳಿಯಬೇಡಿ. ಮುಂದಿನವರು ತೀರಾ ತೆವಳಿದರೆ ಈಗಲೂ ಹಲ್ಲು ಕಡಿಯುತ್ತೇನೆ. ಹಾರ್ನಿಗೆ ಕೈ ಹೋಗಿ ವಾಪಸು ಬರುತ್ತದೆ.

ಕಳೆದ ಭಾನುವಾರ ಯಳಂದೂರಿನ ಆಚೆ ಹೋಗಿದ್ದೆವು. ನಮ್ಮ ಕಾರನ್ನು ಸುಮಿತ್ರಾ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ವಾಪಸು ಬರುವಾಗ, ಊರ ಹೊರಗಿನ ತಿರುವಿನಲ್ಲಿ ಅವಳು ವೇಗ ಇಳಿಸಿ, "ಹಿಂದೆ ಯಾರಾದ್ರೂ ಇದಾರಾ ನೋಡ್ರಿ," ಎಂದಳು.

ನಾವೇ ಕೊನೆಯವರು, ಹಿಂದೆ ಯಾರಿರುತ್ತಾರೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸೀಟು ಬೆಲ್ಟು ಎಳೆದುಕೊಂಡು, ಕುತ್ತಿಗೆ ನೋಯುವಷ್ಟು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಕಬ್ಬಿನ ಗದ್ದೆ, ಖಾಲಿ ರಸ್ತೆ, ಅದರ ಮೇಲೆ ಸಂಜೆಯ ಬಿಸಿಲು.

"ಯಾರೂ ಇಲ್ಲ," ಎಂದೆ.

"ಸರಿಯಾಗಿ ನೋಡಿದ್ರಾ?"

"ತಡಿ," ಎಂದು ಇನ್ನೊಮ್ಮೆ ತಿರುಗಿದೆ.